ಫಲಕದ ಹೆಸರು ಒಂದು, ಎಂಜಿನ್ ಯಾರದು?

ಪ್ರಶ್ನೆ: ಟೆಕ್ಸಾಸ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅಲ್ಲಿನ ಪಿಕಪ್ ಟ್ರಕ್ಕುಗಳ ಮೇಲೆ ‘ಪವರ್ ಸ್ಟ್ರೋಕ್’, ‘ಡ್ಯೂರಾಮ್ಯಾಕ್ಸ್’, ‘ಕಮಿನ್ಸ್’ ಎಂಬ ಫಲಕಗಳನ್ನು ಕಂಡೆ. ಇವು ಎಂಜಿನ್‌ನ ಮಾದರಿಗಳೋ, ಕೇವಲ ಜಾಹೀರಾತಿನ ಹೆಸರುಗಳೋ?
– ಓದುಗರು, ಶಿವಮೊಗ್ಗ

ಉತ್ತರ: ಮೂರೂ ಡೀಸೆಲ್ ಎಂಜಿನ್‌ಗಳ ವ್ಯಾಪಾರನಾಮಗಳೇ, ಆದರೆ ಮೂರರ ಹುಟ್ಟು ಬೇರೆ ಬೇರೆ. ‘ಪವರ್ ಸ್ಟ್ರೋಕ್’ ಫೋರ್ಡ್ ಇಟ್ಟ ಹೆಸರು. 1994ರಲ್ಲಿ ಬಂದ ಮೊದಲ 7.3 ಲೀಟರ್ ಎಂಜಿನ್ನನ್ನು ತಯಾರಿಸಿದ್ದು ನಾವಿಸ್ಟಾರ್. ಆ ಕಂಪನಿ ತನ್ನ ಲಾರಿಗಳಲ್ಲಿ ಅದೇ ಎಂಜಿನ್ನನ್ನು ‘ಟಿ444ಇ’ ಎಂದು ಕರೆಯುತ್ತಿತ್ತು. ಇಲ್ಲಿ 444 ಎಂಬುದು ಘನ ಅಂಗುಲಗಳಲ್ಲಿ ಹೇಳಿದ ಅದೇ ಗಾತ್ರ. 2011ರ ಮಾದರಿಯಿಂದ ಫೋರ್ಡ್ ತಾನೇ 6.7 ಲೀಟರ್ ಎಂಜಿನ್ ತಯಾರಿಸತೊಡಗಿದರೂ ಹೆಸರನ್ನು ಮಾತ್ರ ಬದಲಿಸಲಿಲ್ಲ. ಹೀಗೆ ಒಳಗಿನ ಯಂತ್ರ ಪೂರ್ತಿ ಬೇರೆಯಾದರೂ ಗ್ರಾಹಕರಿಗೆ ಪರಿಚಿತವಾದ ಹೆಸರು ಉಳಿದುಕೊಳ್ಳುವುದೇ ನನಗೆ ಇದರಲ್ಲಿ ಸ್ವಾರಸ್ಯಕರವಾಗಿ ಕಾಣುವ ಸಂಗತಿ.

‘ಡ್ಯೂರಾಮ್ಯಾಕ್ಸ್’ ಜನರಲ್ ಮೋಟರ್ಸ್‌ನ ಹೆಸರು. ಅದರ ಮೊದಲ 6.6 ಲೀಟರ್ ಎಂಜಿನ್ ಜಪಾನಿನ ಇಸುಜು ಸಹಯೋಗದಲ್ಲಿ ರೂಪುಗೊಂಡಿತು.

ಕಮಿನ್ಸ್ ಮಾತ್ರ ತಯಾರಕರದೇ ಹೆಸರು. ನಮ್ಮ ಜನರೇಟರ್‌ಗಳ ಮೇಲೂ ಕಾಣುವ ಈ ಹೆಸರಿಗೆ ಎಷ್ಟು ಬೆಲೆಯಿತ್ತೆಂದರೆ, 1989ರ ಮಾದರಿಯಿಂದ ತನ್ನ ಪಿಕಪ್‌ಗಳಿಗೆ ಆ ಎಂಜಿನ್ ಅಳವಡಿಸಿದ ಡಾಡ್ಜ್ ಅದನ್ನು ಮರೆಮಾಡದೆ ಮೆರೆಸಿತು.

ಹಳೆಯ ಟ್ರಕ್ಕಿಗೆ ಬಿಡಿಭಾಗ ಕೊಳ್ಳುವವರಿಗೆ ಫಲಕದ ಹೆಸರೊಂದೇ ಸಾಲದು. ಡ್ಯೂರಾಮ್ಯಾಕ್ಸ್‌ನಲ್ಲೇ ‘ಎಲ್‌ಬಿ7’, ‘ಎಲ್5ಪಿ’ಯಂತಹ ಒಳಸಂಕೇತಗಳಿದ್ದು, ತಲೆಮಾರನ್ನು ಗುರುತಿಸಬೇಕಾದದ್ದು ಅವುಗಳಿಂದಲೇ.