ಬೆನ್ನ ಮೇಲೆ ಮೇಕೆ ಮರಿ: ಹೋಗಲೋ ಬೇಡವೋ?

ಪ್ರಶ್ನೆ: ನನಗೆ 63 ವರ್ಷ. ತಿಪಟೂರು ಕಡೆಯವಳು, ಅಮೆರಿಕದ ಓರೆಗನ್‌ನಲ್ಲಿರುವ ಮಗಳ ಮನೆಗೆ ಬಂದು ಎರಡು ತಿಂಗಳಾಯಿತು. ಅಮ್ಮನಿಗೆ ಬೇಜಾರು ಕಳೆಯಲಿ ಅಂತ ಮಗಳು ‘ಗೋಟ್ ಯೋಗ’ಕ್ಕೆ ಹೆಸರು ಬರೆಸಿದ್ದಾಳೆ. ಆಸನ ಮಾಡುವಾಗ ಮೇಕೆ ಮರಿಗಳು ಬಂದು ಬೆನ್ನು ಹತ್ತುತ್ತವಂತೆ! ತವರಿನಲ್ಲಿ ಹಿಕ್ಕೆ ಗುಡಿಸಿಯೇ ಬೆಳೆದವಳು ನಾನು. ಅದಕ್ಕೀಗ ದುಡ್ಡು ಕೊಟ್ಟು ಹೋಗಬೇಕೇ? ಆರೋಗ್ಯಕ್ಕೆ ಏನಾದರೂ ಲಾಭವಿದೆಯೇ? ಬಿ.ಪಿ. ಇದೆ, ಮೂಳೆ ಟೊಳ್ಳಾಗಿದೆ ಎಂದು ಮಾತ್ರೆ ಕೊಟ್ಟಿದ್ದಾರೆ.

ಉತ್ತರ: ನೀವು ಈಗಿರುವುದು ಇದರ ತವರಿನಲ್ಲೇ, ತಾಯಿ. 2016ರಲ್ಲಿ ಓರೆಗನ್‌ನ ಆಲ್ಬನಿ ಊರಿನ ಲೇನಿ ಮೋರ್ಸ್ ಎಂಬಾಕೆ ತನ್ನ ಮೇಕೆಗಳ ನಡುವೆ ಯೋಗದ ತರಗತಿ ಶುರು ಮಾಡಿದರು. ಆಗ ಆಕೆಗೆ ಕಾಯಿಲೆ, ಜೊತೆಗೆ ವಿಚ್ಛೇದನದ ಸಂಕಟ. ಮೇಕೆಗಳ ಜೊತೆ ಕೂತಾಗ ಮನಸ್ಸು ಹಗುರಾಗುತ್ತಿತ್ತು, ಅದನ್ನೇ ಬೇರೆಯವರಿಗೂ ಹಂಚಿದರು. ಮುಂದೆ ಅದು ಎಲ್ಲೆಲ್ಲೋ ಹಬ್ಬಿತು.

ಲಾಭದ ವಿಷಯ. 2019ರಲ್ಲಿ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದವರು 249 ವಿದ್ಯಾರ್ಥಿಗಳ ಮೇಲೆ ನಡೆಸಿದ ಅಧ್ಯಯನ ಪ್ರಕಟಿಸಿದರು. ಹತ್ತು ನಿಮಿಷ ಪ್ರಾಣಿಗಳ ಮೈ ಸವರಿದವರ ಎಂಜಲಿನಲ್ಲಿ ಕಾರ್ಟಿಸಾಲ್, ಅಂದರೆ ಒತ್ತಡದ ಹಾರ್ಮೋನು, ಇಳಿದಿತ್ತು. ಆದರೆ ಅಲ್ಲಿದ್ದವು ನಾಯಿ, ಬೆಕ್ಕು. ಮೇಕೆಗೂ ಹಾಗೇ ಎಂದು ಊಹಿಸಬಹುದು, ಅಷ್ಟೇ. ಬಿ.ಪಿ. ವಾಸಿಯಾಗುತ್ತದೆ, ಕೀಲುನೋವು ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹೊಟ್ಟೆ ತುಂಬ ನಗುತ್ತೀರಿ. ಎರಡು ತಿಂಗಳಿಂದ ನಾಲ್ಕು ಗೋಡೆ ನೋಡಿದವರಿಗೆ ಅದೇನು ಕಡಿಮೆಯೇ?

ನನಗೆ ಚಿಂತೆ ನಿಮ್ಮ ಬೆನ್ನೆಲುಬಿನದು. ಮೇಕೆಗೆ ಎತ್ತರ ಕಂಡರೆ ಹತ್ತುವ ಚಪಲ. ಅಂಗೈ, ಮೊಣಕಾಲು ಊರಿ ಮಾರ್ಜಾಲಾಸನದಲ್ಲಿ ನಿಂತರೆ ಅದರ ಪಾಲಿಗೆ ನೀವೊಂದು ಬಂಡೆ. ಕೆಲವು ಕಡೆ ಬೆನ್ನ ಮೇಲೆ ನಾಲ್ಕು ಕಾಳು ಚೆಲ್ಲಿಯೂ ಹತ್ತಿಸುತ್ತಾರೆ. ಮರಿಯ ತೂಕ ನಾಲ್ಕೈದು ಕಿಲೋ ಇರಬಹುದು, ಆದರೆ ಜಿಗಿಯುವಾಗ ಅಷ್ಟೂ ಭಾರ ರೂಪಾಯಿ ನಾಣ್ಯದಷ್ಟಗಲದ ಗೊರಸುಗಳ ಮೇಲೆ ಬೀಳುತ್ತದೆ. ಟೊಳ್ಳು ಮೂಳೆಗೆ ಅದು ಒಳ್ಳೆಯದಲ್ಲ. ಹಾಗಾಗಿ ನೀವು ಚಾಪೆಯ ಮೇಲೋ ಕುರ್ಚಿಯ ಮೇಲೋ ಕೂತು ಕೈಯ ಆಸನಗಳನ್ನಷ್ಟೇ ಮಾಡಿ, ಮರಿ ಮಡಿಲಿಗೆ ಬರಲಿ. ಬಿ.ಪಿ. ಇರುವುದರಿಂದ ತಲೆ ಕೆಳಗೆ ಮಾಡುವ ಆಸನಗಳೂ ಬೇಡ.

ಆಡು ಮುಟ್ಟದ ಸೊಪ್ಪಿಲ್ಲ ಎಂಬುದು ನಿಮಗೆ ನಾನು ಹೇಳಬೇಕಿಲ್ಲ. ಸೆರಗು, ಜಡೆ, ಕಿವಿಯೋಲೆ ಯಾವುದನ್ನೂ ಬಿಡುವುದಿಲ್ಲ. ಮೇಲ್ದವಡೆಯಲ್ಲಿ ಮುಂಹಲ್ಲಿಲ್ಲ, ಚೀಪಿದರೆ ನೋಯುವುದಿಲ್ಲ. ಬೆರಳನ್ನು ಮಾತ್ರ ಕೆನ್ನೆಯೊಳಗೆ ಹಾಕಬೇಡಿ, ದವಡೆ ಹಲ್ಲು ಕತ್ತರಿ ಇದ್ದಂತೆ. ಪಶುವೈದ್ಯನಾಗಿ ಸೇರಿದ ಹೊಸದರಲ್ಲಿ ಆ ಪಾಠ ನನಗೆ ರಕ್ತದಲ್ಲೇ ಆಗಿದೆ.

ಪ್ರಶ್ನೆ: ನಾನು ಐದು ತಿಂಗಳ ಬಸುರಿ, ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ಗೆಳತಿಯರೆಲ್ಲ ಮೇಕೆ ಯೋಗಕ್ಕೆ ಹೊರಟಿದ್ದಾರೆ. ಆಸನ ಮಾಡದೆ, ಬರೀ ಮರಿ ಮುದ್ದಾಡಿ ಬರಬಹುದೇ?

ಉತ್ತರ: ಬೇಡಮ್ಮ. ಹೆರಿಗೆಯಾಗಿ ಮಗು ಸ್ವಲ್ಪ ದೊಡ್ಡದಾದ ಮೇಲೆ ಹೋಗುವಿರಂತೆ.

ಕಾರಣ ಕ್ಯೂ ಜ್ವರ, ಅಂದರೆ ಮೇಕೆ, ಕುರಿ, ದನಗಳಿಂದ ಮನುಷ್ಯರಿಗೆ ಅಂಟುವ ಒಂದು ಸೋಂಕು. ಈಯುವಾಗ ಬೀಳುವ ಮಾಸು, ನೀರಿನಲ್ಲಿ ಇದರ ರೋಗಾಣು ವಿಪರೀತ ಇರುತ್ತದೆ, ಒಣಗಿ ದೂಳಾದ ಮೇಲೂ ಸಾಯುವುದಿಲ್ಲ. ಉಸಿರಾಡಿದರೆ ಸಾಕು, ಮುಟ್ಟಬೇಕೆಂದಿಲ್ಲ. ನೆದರ್ಲೆಂಡ್ಸ್‌ನಲ್ಲಿ 2007ರಿಂದ 2010ರವರೆಗೆ ಹಾಲಿನ ಮೇಕೆ ಫಾರಂಗಳಿಂದ ಹರಡಿ 4,000ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಬಸುರಿಯರಿಗೆ ಗರ್ಭ ಹೋಗುವ ಅಪಾಯವಿದೆ. ಹೃದಯದ ಕವಾಟದ ತೊಂದರೆ ಇರುವವರೂ ದೂರ ಇರಬೇಕು. ನಮ್ಮಲ್ಲಿ ಕಂದು ರೋಗ ಅನ್ನುತ್ತೇವಲ್ಲ, ಬ್ರುಸೆಲ್ಲೋಸಿಸ್, ಅದೂ ಇದೇ ದಾರಿಯದು. ಎಲ್ಲ ಹಿಂಡಿನಲ್ಲೂ ಇರುತ್ತವೆ ಎಂದಲ್ಲ, ಆದರೆ ಮರಿಯ ಮುದ್ದು ಮುಖ ನೋಡಿ ಪತ್ತೆ ಹಚ್ಚಲಾಗದು.

ನಿಮ್ಮ ಗೆಳತಿಯರಿಗೂ ಒಂದು ಮಾತು: ಮುಗಿಸಿ ಬಂದ ಮೇಲೆ ಸ್ಯಾನಿಟೈಸರ್ ಸವರಿಕೊಂಡರೆ ಸಾಲದು. ಹಾಲು ಕುಡಿಯುವ ಮರಿ ಭೇದಿ ಮಾಡಿದ್ದರೆ ಅದರಲ್ಲಿ ಕ್ರಿಪ್ಟೋಸ್ಪೊರಿಡಿಯಂ ಎಂಬ, ಮನುಷ್ಯರಿಗೂ ಭೇದಿ ತರುವ ರೋಗಾಣು ಇರಬಹುದು, ಅದು ಸ್ಯಾನಿಟೈಸರಿಗೆ ಬಗ್ಗುವುದಿಲ್ಲ. ಸೋಪು, ಹರಿಯುವ ನೀರು ಬೇಕು. ಚಾಪೆಯನ್ನೂ ತೊಳೆಯಲಿ. ತುಟಿ ಸುತ್ತ ಹಕ್ಕಳೆ ಕಟ್ಟಿದ ಮರಿಯನ್ನು ಯಾರೂ ಎತ್ತಿಕೊಳ್ಳಬಾರದು. ಅದು ಆರ್ಫ್ ಎಂಬ ಬಾಯಿಹುಣ್ಣು. ಒಮ್ಮೆ ಕೈಗವಸು ಇಲ್ಲದೆ ಅಂಥ ಮರಿಗೆ ಔಷಧಿ ಕುಡಿಸಿ ನನ್ನ ಹೆಬ್ಬೆರಳಿಗೇ ಅಂಟಿತ್ತು: ನಡುವೆ ಬಿಳಿ, ಸುತ್ತ ಕೆಂಪು ಬಳೆ, ಒಳ್ಳೆ ನೆಲ್ಲಿಕಾಯಿ ಗಾತ್ರದ ಗುಳ್ಳೆ. ತಾನಾಗಿ ಮಾಯಲು ಆರು ವಾರ ಹಿಡಿಯಿತು.

ಪ್ರಶ್ನೆ: ಇದು ಯೋಗವೇ? ಪಾಪದ ಮರಿಗಳಿಗೆ ಹಿಂಸೆಯಲ್ಲವೇ? – ಮೈಸೂರಿನ ಓದುಗರು

ಉತ್ತರ: ಮೊದಲನೆಯದಕ್ಕೆ ನನ್ನ ಉತ್ತರ: ಅಲ್ಲ. ಶವಾಸನದಲ್ಲಿ ಮಲಗಿದವರ ಕಿವಿಯನ್ನು ಮರಿ ಚೀಪುತ್ತಿದ್ದರೆ ಎಲ್ಲಿಯ ಚಿತ್ತವೃತ್ತಿ ನಿರೋಧ! ಆದರೆ ಅಲ್ಲಿಗೆ ಹೋಗುವವರೂ ಪತಂಜಲಿಯನ್ನು ಹುಡುಕಿಕೊಂಡು ಹೋಗುವುದಿಲ್ಲ. ಅದನ್ನೊಂದು ಪಿಕ್ನಿಕ್ ಅಂದುಕೊಂಡರೆ ಜಗಳವೇ ಇಲ್ಲ.

ಎರಡನೆಯ ಪ್ರಶ್ನೆಯೇ ತೂಕದ್ದು. ಮೇಕೆಗೆ ಮನುಷ್ಯರ ಒಡನಾಟ ಹಿಂಸೆಯಲ್ಲ. ನಗುವ ಮುಖದ ಫೋಟೊ, ಸಿಡುಕಿದ ಮುಖದ ಫೋಟೊ ಎರಡನ್ನೂ ಇಟ್ಟರೆ ಮೇಕೆಗಳು ನಗುಮುಖದ ಕಡೆಗೇ ಹೆಚ್ಚಾಗಿ ಹೋಗುತ್ತವೆ ಎಂದು 2018ರಲ್ಲಿ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ್ದಾರೆ. ಆದರೆ ಜನರಿಗೆ ಬೇಕಿರುವುದು ಮರಿ. ಮರಿತನ ಮೂರು ನಾಲ್ಕು ತಿಂಗಳು. ವರ್ಷವಿಡೀ ಮರಿ ತೋರಿಸಬೇಕೆಂದರೆ ವರ್ಷವಿಡೀ ಯಾವುದೋ ತಾಯಿ ಈಯುತ್ತಲೇ ಇರಬೇಕು, ಬೆಳೆದ ಹೋತಮರಿಗಳು ಎಲ್ಲೋ ಹೋಗಬೇಕು. ಎಲ್ಲಿಗೆ ಎಂದು ಟಿಕೆಟ್ ಕೊಳ್ಳುವ ಮೊದಲೇ ಕೇಳಿ. ಮಾತು ಹಾರಿಸಿದರೆ ಆ ಫಾರಂ ಬಿಡಿ.

ಅಲ್ಲಿಗೆ ಹೋದ ಮೇಲೆ ನಿಮ್ಮ ಕಣ್ಣನ್ನೇ ನಂಬಿ. ದಿನಕ್ಕೆ ಎಷ್ಟು ತಂಡ ಬರುತ್ತದೆ, ಮರಿಗಳು ಸಾಕಾದಾಗ ಎದ್ದು ತಾಯಿಯ ಬಳಿ ಹೋಗಲು ದಾರಿ ಬಿಟ್ಟಿದ್ದಾರೋ ಬೇಲಿ ಕಟ್ಟಿದ್ದಾರೋ ನೋಡಿ. ಮೂಲೆಯಲ್ಲಿ ಮಲಗಿ ಮೆಲುಕು ಹಾಕುತ್ತಿದ್ದರೆ ಅದು ನೆಮ್ಮದಿಯಾಗಿದೆ ಎಂದರ್ಥ. ಮಲಗಿದ್ದನ್ನು ಫೋಟೊಗಾಗಿ ಎತ್ತಿ ತಂದು ಬೆನ್ನ ಮೇಲೆ ನಿಲ್ಲಿಸುತ್ತಿದ್ದರೆ ಚಾಪೆ ಸುತ್ತಿಕೊಂಡು ಹೊರಡಿ.