ಸಂಬಳವಿಲ್ಲದ ಬೆಟ್ಟದ ರಕ್ಷಣಾ ತಂಡಗಳಿಗೆ ಬಾಸ್ ಯಾರು?

ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಬೆಟ್ಟದಲ್ಲಿ ಸಿಕ್ಕಿಬಿದ್ದವರನ್ನು ಕರೆತರುವ ತಂಡಗಳಿಗೆ ಸಂಬಳವೇ ಇಲ್ಲವಂತೆ, ಮತ್ತೆ ಅವರನ್ನೆಲ್ಲ ನಡೆಸುವವರು ಯಾರು, ನಾನೂ ಸೇರಬಹುದಾ ಎಂದು ಕೇಳಿದ್ದೀರಿ. ಅಂಥದೊಂದು ತಂಡದಲ್ಲಿ ಕೆಲವು ವರ್ಷಗಳಿಂದ ಇದ್ದೇನೆ.

ಬಾಸ್ ಅಂತ ಯಾರೂ ಇಲ್ಲ. ಪ್ರತಿ ತಂಡವೂ ತನ್ನದೇ ಒಂದು ಚಾರಿಟಿ, ಅಂದರೆ ದತ್ತಿ ಸಂಸ್ಥೆ. ಜೀಪು, ಹಗ್ಗ, ಸ್ಟ್ರೆಚರ್‌ಗೆ ಹಣ ಬರುವುದು ಹೆಚ್ಚಾಗಿ ದೇಣಿಗೆಯಿಂದ. ಆದರೆ ಹುಡುಕಿಸುವ ಹೊಣೆ ಪೊಲೀಸರದು. ಅದಕ್ಕೇ ಅಲ್ಲಿನ ತುರ್ತು ಸಂಖ್ಯೆ 999ಕ್ಕೆ ಫೋನ್ ಮಾಡಿದವರು ಮೊದಲು ಪೊಲೀಸ್ ಅಂತ ಕೇಳಬೇಕು, ಆಮೇಲೆ ಮೌಂಟನ್ ರೆಸ್ಕ್ಯೂ. ಪೊಲೀಸರು ಆ ಜಾಗದ ತಂಡದ ಲೀಡರ್‌ಗೆ ತಿಳಿಸುತ್ತಾರೆ. ಲೀಡರ್ ದಾರಿ ತಪ್ಪಿದವರ ಫೋನಿಗೆ ಒಂದು ಲಿಂಕ್ ಕಳಿಸುತ್ತಾರೆ. ಒತ್ತಿದರೆ ಜಾಗ ನಕ್ಷೆಯಲ್ಲಿ ಕಾಣುತ್ತದೆ. ಕೆಲವು ಸಲ ಫೋನಿನಲ್ಲೇ ದಾರಿ ಹೇಳಿ ಇಳಿಸಿಬಿಡುವುದೂ ಉಂಟು.

ಪಕ್ಕದ ತಂಡ ಬೇಕಾಗುವುದು ಗಾಯಾಳುವನ್ನು ಹೊರುವಾಗ. ಕೋಸ್ಟ್‌ಗಾರ್ಡ್ ಹೆಲಿಕಾಪ್ಟರ್ ಮಂಜು ಕವಿದರೆ ಹತ್ತಿರ ಬರಲಾಗದು. ಆಗ ಉಳಿಯುವುದು ಹೆಗಲು. ಕಲ್ಲುದಾರಿಯಲ್ಲಿ ಸ್ಟ್ರೆಚರ್‌ಗೆ ಒಂದು ಹೊತ್ತಿಗೆ ಆರೆಂಟು ಜನ ಬೇಕು, ಅವರು ಸುಸ್ತಾದರೆ ಕೈ ಬದಲಿಸಲು ಇನ್ನಷ್ಟು ಜನ. ಒಂದು ಮಂಗಳವಾರ ಮಧ್ಯಾಹ್ನ ಕಾಲು ಮುರಿದವರೊಬ್ಬರಿಗೆ ನಮ್ಮಲ್ಲಿ ಬಂದಿದ್ದು ಒಂಬತ್ತೇ ಜನ, ಮಿಕ್ಕವರು ಕೆಲಸದಲ್ಲಿ. ಲೀಡರ್ ಪಕ್ಕದ ಕಣಿವೆಯ ತಂಡವನ್ನು ಕರೆದರು. ಬಂದವರು ನಮ್ಮ ಲೀಡರ್ ಹೇಳಿದಂತೆಯೇ ಮಾಡಿದರು. ಪದ್ಧತಿ ಅದೇ: ಜಾಗ ಯಾರದೋ ಮಾತು ಅವರದು. ಒಟ್ಟಿಗೆ ತರಬೇತಿ ಮಾಡಿ ಮುಖ ಪರಿಚಯ ಇರುವುದರಿಂದ ಜಗಳ ಬರುವುದಿಲ್ಲ. ಬಿಸ್ಕತ್ ಯಾರ ಜೀಪಿನದು ಅನ್ನುವ ಜಗಳ ಬಿಟ್ಟರೆ!

ಇಂಗ್ಲೆಂಡಿನ ಅತಿ ಎತ್ತರದ ಬೆಟ್ಟ, 978 ಮೀಟರ್‌ನ ಸ್ಕಾಫೆಲ್ ಪೈಕ್ ನೋಡಿ. ಕಾರು ನಿಲ್ಲಿಸಿದ್ದು ವಾಸ್‌ಡೇಲ್ ಕಣಿವೆಯಲ್ಲಿ, ಮಂಜಿನಲ್ಲಿ ಇಳಿದದ್ದು ಇನ್ನೊಂದು ಕಣಿವೆ ಎಸ್ಕ್‌ಡೇಲ್‌ನಲ್ಲಿ, ಇದು ಆಗಾಗ ನಡೆಯುವ ಕಥೆ. ವಾಸ್‌ಡೇಲ್ ತಂಡದವರು ಒಂದು ಕಡೆಯಿಂದ, ಕೆಸ್ವಿಕ್ ಅಥವಾ ಲ್ಯಾಂಗ್‌ಡೇಲ್-ಆಂಬಲ್‌ಸೈಡ್‌ನವರು ಇನ್ನೊಂದು ಕಡೆಯಿಂದ ಹತ್ತಿದರೆ ದಾರಿ ತಪ್ಪಿದವರು ಬೇಗ ಸಿಗುತ್ತಾರೆ ಅಲ್ವಾ? ಇವನ್ನೆಲ್ಲ ಜೋಡಿಸಲು ಲೇಕ್ ಡಿಸ್ಟ್ರಿಕ್ಟ್ ತಂಡಗಳ ಒಂದು ಸಂಘವಿದೆ. ಹುಡುಕುವ ನಾಯಿಗಳ ತಂಡವೂ ಅದರಲ್ಲಿದೆ. ಅದರ ಮೇಲಿನದು ಮೌಂಟನ್ ರೆಸ್ಕ್ಯೂ ಇಂಗ್ಲೆಂಡ್ ಅಂಡ್ ವೇಲ್ಸ್. ವಿಮೆ, ಪ್ರಥಮ ಚಿಕಿತ್ಸೆಯ ತರಬೇತಿ ಇಂಥವನ್ನು ನೋಡಿಕೊಳ್ಳುತ್ತದೆ, ಯಾವ ಬೆಟ್ಟಕ್ಕೆ ಯಾರು ಹೋಗಬೇಕು ಎಂದು ಆಜ್ಞೆ ಮಾಡುವುದಿಲ್ಲ.

ಸೇರುವ ವಿಷಯ: ತಂಡದ ಹತ್ತಿರ ವಾಸವಿರಬೇಕು, ಬೆಟ್ಟ ಹತ್ತುವುದು ಮೊದಲೇ ಗೊತ್ತಿರಬೇಕು. ಆಮೇಲೆ ತಿಂಗಳುಗಟ್ಟಲೆ ಪ್ರೊಬೇಷನ್. ಜಾಸ್ತಿ ಜನ ಬಿಡುವುದು ಅಲ್ಲೇ, ಮಳೆಯಲ್ಲಿ ನಡುರಾತ್ರಿಯ ಅಭ್ಯಾಸಕ್ಕೆ ಬೇಸತ್ತು.