ನದಿ ಒಂದು ದೇಶದ್ದು, ದಡ ಇನ್ನೊಂದರದು

ಪ್ರಶ್ನೆ: ಹರಿಹರದವರಾದ ನಮಗೆ ತುಂಗಭದ್ರೆಯ ಆಚೆ ದಡ ಹಾವೇರಿ ಜಿಲ್ಲೆ. ಬೇಸಿಗೆಯಲ್ಲಿ ಹೊಳೆ ಸೊರಗಿ, ನೀರು ಒಂದು ಮಗ್ಗುಲಿಗೆ ಸರಿಯುತ್ತದೆ. ಎರಡು ದೇಶಗಳ ನಡುವಿನ ನದಿ ಹೀಗೆ ಸರಿದರೆ ಗಡಿಯೂ ಸರಿಯುತ್ತದೆಯೇ? ಗಡಿ ನದಿಯ ನಟ್ಟನಡುವೆಯೇ ಇರಬೇಕೇ?

ಉತ್ತರ: ಇರಬೇಕೆಂದೇನೂ ಇಲ್ಲ. ಒಪ್ಪಂದ ಹೇಳಿದ್ದೇ ಗಡಿ. ದೊಡ್ಡ ದೋಣಿಗಳು ಓಡಾಡುವ ನದಿಗಳಲ್ಲಿ ಸಾಮಾನ್ಯವಾಗಿ ಅತಿ ಆಳದ ಹರಿವಿನ ಗೆರೆ ಹಿಡಿಯುತ್ತಾರೆ. ಲಾವೋಸ್–ಥಾಯ್ಲೆಂಡ್ ನಡುವಿನ ಮೆಕಾಂಗ್ ನದಿ ನಡುಗಡ್ಡೆಗಳ ಬಳಿ ಕವಲೊಡೆದಲ್ಲೆಲ್ಲ, 1926ರ ಒಪ್ಪಂದ ಥಾಯ್ ದಡದ ಪಕ್ಕದ ಕವಲನ್ನೇ ಗಡಿ ಮಾಡಿತು. ಲಾವೋಸ್ ಆಗ ಫ್ರಾನ್ಸಿನ ಕೈಯಲ್ಲಿತ್ತು. ಹೆಚ್ಚಿನ ನಡುಗಡ್ಡೆಗಳು ಯಾರ ಪಾಲಾದವೆಂದು ಬಿಡಿಸಿ ಹೇಳಬೇಕಿಲ್ಲ.

ನಿಮ್ಮ ಪ್ರಶ್ನೆಗೆ ತಕ್ಕ ನದಿಯೆಂದರೆ ಮಧ್ಯ ಅಮೆರಿಕದ ಸಾನ್ ಹುವಾನ್. ನಿಕರಾಗುವಾ ಸರೋವರದಿಂದ ಹೊರಟು, ಮಳೆಕಾಡಿನ ನಡುವೆ ಸುಮಾರು 200 ಕಿ.ಮೀ. ಹರಿದು ಕೆರಿಬಿಯನ್ ಕಡಲು ಸೇರುತ್ತದೆ. ಮೇಲ್ಭಾಗದಲ್ಲಿ ಎರಡೂ ದಡ ನಿಕರಾಗುವಾದವು. ಎಲ್ ಕಾಸ್ತಿಯೊ ಕೋಟೆ ದಾಟಿ ಸ್ವಲ್ಪ ಕೆಳಗೆ ಬಂದ ಮೇಲೆ ಬಲದಂಡೆಯೇ ನೆರೆಯ ಕೋಸ್ಟರಿಕಾದೊಂದಿಗಿನ ಗಡಿ. 1858ರ ಒಪ್ಪಂದದಂತೆ ನೀರು ಪೂರ್ತಿ ನಿಕರಾಗುವಾದ್ದು, ಕೋಸ್ಟರಿಕಾಕ್ಕೆ ವ್ಯಾಪಾರದ ದೋಣಿ ಓಡಿಸುವ ಹಕ್ಕಷ್ಟೇ. ಹಾಗಾದರೆ ತನ್ನ ದಡದಲ್ಲೇ ನಿಂತು ಗಾಳ ಹಾಕುವ ಕೋಸ್ಟರಿಕಾದ ಬಡವ ಹಿಡಿಯುವುದು ಪರದೇಶದ ಮೀನು! ಈ ಜಗಳವೂ ಅಂತರರಾಷ್ಟ್ರೀಯ ನ್ಯಾಯಾಲಯದ ಮೆಟ್ಟಿಲೇರಿತು. ಹೊಟ್ಟೆಪಾಡಿಗಾಗಿ ದಡದಿಂದ ಮೀನು ಹಿಡಿಯುವುದು ರೂಢಿಯ ಹಕ್ಕು ಎಂದು 2009ರಲ್ಲಿ ತೀರ್ಪಾಯಿತು.

ಇನ್ನು ಸರಿಯುವ ವಿಚಾರ. ನೀರಿನ ಮಟ್ಟ ಏರಿಳಿದರೆ ಗಡಿ ಕದಲದು, ದಡವೋ ಪಾತ್ರವೋ ಬದಲಾದರೆ ಆಯಾ ಪ್ರಕರಣ ನೋಡಿ ತೀರ್ಮಾನಿಸಬೇಕು ಎಂದು ಈ ಗಡಿ ಗುರುತಿಸಲು ಬಂದ ಅಮೆರಿಕದ ಎಂಜಿನಿಯರ್ ಅಲೆಕ್ಸಾಂಡರ್ 1898ರಲ್ಲೇ ಹೇಳಿದ್ದರು. ನಿಮ್ಮ ಬೇಸಿಗೆಯ ಹೊಳೆಗೆ ಅದರ ಮೊದಲರ್ಧ ಸಾಕು. ತಕರಾರು ಹುಟ್ಟುವುದು ಎರಡನೆಯ ಅರ್ಧದಲ್ಲಿ.

ಕೋಸ್ಟರಿಕಾದ ಬೆಟ್ಟಗಳಿಂದ ಇಳಿಯುವ ಸಾನ್ ಕಾರ್ಲೋಸ್, ಸಾರಾಪಿಕಿ ಉಪನದಿಗಳು ಸಾನ್ ಹುವಾನ್‌ಗೆ ಹೂಳು ತಂದು ಸುರಿಯುತ್ತವೆ. ಕಡಲಿಗೆ ಮುನ್ನ ನದಿ ಕವಲೊಡೆದು, ಹತ್ತರಲ್ಲಿ ಸುಮಾರು ಒಂಬತ್ತು ಪಾಲು ನೀರು ಕೊಲೊರಾಡೊ ಕವಲು ಹಿಡಿದು ಕೋಸ್ಟರಿಕಾದೊಳಗೆ ಹೋಗುತ್ತದೆ. ಗಡಿಯಾಗಿರುವ ಕವಲು ಮಾತ್ರ ಹೂಳಿನಲ್ಲಿ ಏದುಸಿರು ಬಿಡುತ್ತಿದೆ. 2010ರಲ್ಲಿ ಹೂಳೆತ್ತಲು ಹೊರಟ ನಿಕರಾಗುವಾ, ಪಕ್ಕದ ಜೌಗಿನಲ್ಲಿ ಒಂದು ಕಾಲುವೆಯನ್ನೂ ಕಡಿದು, ಇದೇ ನದಿಯ ಹಳೆಯ ಪಾತ್ರ, ಹಾಗಾಗಿ ಸುಮಾರು 3 ಚದರ ಕಿ.ಮೀ. ನೆಲ ನಮ್ಮದು ಎಂದಿತು. ಸಮರ್ಥನೆಗೆ ಗೂಗಲ್ ನಕ್ಷೆಯೂ ಬಂತು. ಗಡಿ ತೀರ್ಮಾನಕ್ಕೆ ಮೊಬೈಲ್ ನಕ್ಷೆ ನೆಚ್ಚುವವರು ನಮ್ಮ ತಾಲ್ಲೂಕು ಕಚೇರಿಗಳಲ್ಲೂ ಸಿಗುತ್ತಾರೆ ಬಿಡಿ.

ನೆಲ ಕೋಸ್ಟರಿಕಾದ್ದೆಂದು 2015ರಲ್ಲಿ ತೀರ್ಪು ಬಂತು. ಕಡಿದ ಸುಮಾರು 300 ಮರ, ಕೆಟ್ಟ ಜೌಗು, ಕೋಸ್ಟರಿಕಾದ ಖರ್ಚು ಎಲ್ಲ ಸೇರಿ ನಿಕರಾಗುವಾ 3,78,890 ಡಾಲರ್ ಪರಿಹಾರ ಕೊಡಬೇಕೆಂದು 2018ರಲ್ಲಿ ಆದೇಶವಾಯಿತು. ಅಷ್ಟಕ್ಕೆಲ್ಲ ಕಾರಣವಾದ ಆ ಕಾಲುವೆಯಾದರೋ 2011ರಲ್ಲೇ ಕಡಲ ಬದಿಯ ಹಿನ್ನೀರಿನ ಸಂಪರ್ಕ ಕಳೆದುಕೊಂಡಿತ್ತು.